ಸರಾಸರಿ ಏರಿದ ವರ್ಷ

ಸರ್ಕಾರಿ ಪ್ರಾಥಮಿಕ ಶಾಲೆಗಳ ಫಲಿತಾಂಶವನ್ನು ಒಂದರ ಕೆಳಗೊಂದು ಬರೆದು ಶ್ರೇಣಿ ಕೊಡುವಷ್ಟು ಸುಲಭದ ಕೆಲಸ ಇಲಾಖೆಯಲ್ಲಿ ಇನ್ನೊಂದಿಲ್ಲ. ಯಾದಗಿರಿ ಜಿಲ್ಲೆಯ ಒಂದು ಕ್ಲಸ್ಟರಿಗೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಆಗಿದ್ದಾಗ ನಾನದನ್ನು ಬಲು ಹುಮ್ಮಸ್ಸಿನಿಂದ ಮಾಡುತ್ತಿದ್ದೆ. ಎಕ್ಸೆಲ್ ಹಾಳೆಯಲ್ಲಿ ಶಾಲೆಯ ಹೆಸರು, ಪರೀಕ್ಷೆ ಬರೆದ ಮಕ್ಕಳ ಸಂಖ್ಯೆ, ಸರಾಸರಿ ಶೇಕಡಾವಾರು. ಮೇಲಿನ ಸಾಲುಗಳಿಗೆ ಹಸಿರು, ನಡುವಿನವಕ್ಕೆ ಹಳದಿ, ತಳದವಕ್ಕೆ ಕೆಂಪು. ತಿಂಗಳ ಸಮಾಲೋಚನಾ ಸಭೆಯಲ್ಲಿ ಹಾಳೆಯನ್ನು ಗೋಡೆಯ ಮೇಲೆ ಬಿಟ್ಟು, ಕೆಂಪು ಸಾಲಿನವರನ್ನು ಎಬ್ಬಿಸಿ ನಿಲ್ಲಿಸಿ ಕಾರಣ ಕೇಳುತ್ತಿದ್ದೆ. ಬಿಇಒ ಕಚೇರಿಯಲ್ಲಿ ನನ್ನ ಹಾಳೆಗೆ ಒಳ್ಳೆಯ ಹೆಸರಿತ್ತು. ಆ ಹೆಸರಿನ ರುಚಿ ನನಗೂ ಹತ್ತಿತ್ತು.

ಪ್ರತಿ ಸಲವೂ ಮೇಲೆ ಇರುತ್ತಿದ್ದದ್ದು ಹೋಬಳಿ ಊರಿನ ಶಾಲೆ. ಪ್ರತಿ ಸಲವೂ ತಳದಲ್ಲಿ ಇರುತ್ತಿದ್ದದ್ದು ಒಂದು ತಾಂಡಾದ ಶಾಲೆ. ಮೊದಲನೆಯದರಲ್ಲಿ ಅಂಗಡಿಯವರ, ನೀರಾವರಿ ಹೊಲವಿದ್ದ ರೈತರ, ಅಂಗನವಾಡಿ ಕಾರ್ಯಕರ್ತೆಯರ ಮಕ್ಕಳು. ಸಂಜೆ ಮನೆಪಾಠವೂ ಇತ್ತು. ಎರಡನೆಯದರಲ್ಲಿ ಮಕ್ಕಳು ಮನೆಯಲ್ಲಿ ಆಡುವ ಮಾತು ಲಂಬಾಣಿ. ಒಂದನೇ ತರಗತಿಗೆ ಬಂದ ಮಗುವಿಗೆ ಟೀಚರ್ ಹೇಳುವ ‘ಕೂಡು’, ‘ಏಳು’ ಕೂಡ ಹೊಸದು. ತಂದೆತಾಯಿಗಳಲ್ಲಿ ಓದಬಲ್ಲವರು ಬೆರಳೆಣಿಕೆಯಷ್ಟು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. ದಕ್ಷಿಣ ಕನ್ನಡದಲ್ಲಿ ಆಗ ಶೇ 88 ದಾಟಿತ್ತು. ಜಿಲ್ಲೆಯ ಸರಾಸರಿಯೇ ಹಾಗಿರುವಾಗ ತಾಂಡಾದ ಗತಿ ಊಹಿಸಿಕೊಳ್ಳಿ.

ಇದೆಲ್ಲ ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಗೊತ್ತಿತ್ತು. ಆದರೆ ಹಾಳೆಯಲ್ಲಿ ಅದಕ್ಕೊಂದು ಅಂಕಣ ಇರಲಿಲ್ಲ. ಯಾರಾದರೂ ಮಕ್ಕಳ ಮನೆಯ ಸ್ಥಿತಿ ಎತ್ತಿದರೆ ‘ನೆಪ ಹೇಳಬೇಡಿ’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ನನ್ನ ಕಡೆಯಿಂದ ಇಷ್ಟು ಹೇಳಬಹುದು: ಆ ಮಾತು ಪೂರ್ತಿ ಸುಳ್ಳೂ ಅಲ್ಲ. ‘ಈ ಮಕ್ಕಳ ಹಣೆಬರಹವೇ ಇಷ್ಟು’ ಎಂದು ಕುರ್ಚಿಗೆ ಒರಗಿ ಕೂಡುವ ಮಾಸ್ತರರನ್ನೂ ನಾನು ಬೇಕಾದಷ್ಟು ಕಂಡಿದ್ದೇನೆ. ಆದರೆ ತಾಂಡಾದ ಆ ಟೀಚರ್ ಅಂಥವರಲ್ಲ. ಅವರು ಎದ್ದು ನಿಂತಾಗಲೆಲ್ಲ ಹೇಳುತ್ತಿದ್ದದ್ದು ಒಂದೇ: ‘ದೀಪಾವಳಿ ಆದ ಮ್ಯಾಲೆ ಮಕ್ಕಳು ಇರೂದಿಲ್ರಿ ಸರ್.’

ಗುಳೆಯ ಲೆಕ್ಕ ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಮುಂಗಾರು ಬೆಳೆ ಮನೆ ಸೇರಿದ ಮೇಲೆ ಬೆಂಗಳೂರು, ಮುಂಬೈ, ಪುಣೆಯ ಕಟ್ಟಡದ ಕೆಲಸಕ್ಕೆ, ಕಬ್ಬು ಕಡಿಯಲಿಕ್ಕೆ ಮನೆಮಂದಿಯೆಲ್ಲ ಹೊರಡುತ್ತಾರೆ. ಕೆಲವರು ಯುಗಾದಿಗೆ ಬರುತ್ತಾರೆ, ಕೆಲವರು ಮಳೆ ಹಿಡಿಯುವ ಹೊತ್ತಿಗೆ. ಅಜ್ಜಿಯ ಹತ್ತಿರ ಬಿಟ್ಟ ಮಗು ಶಾಲೆಗೆ ಬರುತ್ತದೆ, ಜೊತೆಗೆ ಕರೆದೊಯ್ದ ಮಗು ಹಾಜರಿ ಪುಸ್ತಕದಲ್ಲಿ ಬರೀ ಹೆಸರಾಗಿ ಉಳಿಯುತ್ತದೆ. ಋತುಮಾನ ವಸತಿ ಶಾಲೆಗಳು ಇದಕ್ಕೆಂದೇ ಬಂದವು, ಆದರೆ ಎಲ್ಲ ತಾಂಡಾಕ್ಕೂ ಅವು ಮುಟ್ಟಿಲ್ಲ. ವರ್ಷದ ಮೌಲ್ಯಾಂಕನ ನಡೆಯುವುದೋ ಈ ಗುಳೆಯ ತಿಂಗಳುಗಳಲ್ಲೇ.

ಒಂದು ವರ್ಷ ತಾಂಡಾ ಶಾಲೆ ಕೆಂಪಿನಿಂದ ಹಳದಿಗೆ ಏರಿತು. ಸಭೆಯಲ್ಲಿ ಚಪ್ಪಾಳೆ ಹೊಡೆಸಿದೆ. ‘ಮನಸ್ಸು ಮಾಡಿದರೆ ಆಗುತ್ತದೆ ನೋಡಿ’ ಎಂದು ಉಳಿದವರ ಮುಂದೆ ಟೀಚರನ್ನು ಹೊಗಳಿದೆ. ಅವರು ನಗಲಿಲ್ಲ. ಸಂಕೋಚದ ಹೆಣ್ಣುಮಗಳು ಅಂದುಕೊಂಡೆ.

ನಿಜ ತಿಳಿದದ್ದು ಮುಂದಿನ ಜೂನ್‌ನಲ್ಲಿ, ದಾಖಲಾತಿ ಆಂದೋಲನಕ್ಕೆ ಮನೆಮನೆ ತಿರುಗುವಾಗ. ಐದನೇ ತರಗತಿಗೆ ಬರಬೇಕಿದ್ದ ಹುಡುಗಿಯೊಬ್ಬಳು ಮನೆ ಮುಂದೆ ತಮ್ಮನನ್ನು ಎತ್ತಿಕೊಂಡು ನಿಂತಿದ್ದಳು. ಶಾಲೆಗೆ ಯಾಕೆ ಬರುತ್ತಿಲ್ಲ ಎಂದರೆ ಅಜ್ಜಿ ಮುಂದೆ ಬಂದಳು. ‘ಪರೀಕ್ಷಿ ದಿನ ಬರಬ್ಯಾಡ ಅಂದಾರಂತ್ರಿ ಸರ್. ಇಕಿಗೆ ಓದಾಕ ಬರಂಗಿಲ್ಲ, ಸಾಲಿ ಹೆಸರು ಕೆಡ್ತದಂತ. ಅವತ್ತಿಂದ ಹೋಗಲ್ಲೇ ಅಂತಾಳ.’ ಇನ್ನೂ ಕೆಲವು ಮನೆಗಳಲ್ಲಿ ಇದೇ ಮಾತು ಬಂತು. ಶಾಲೆಗೆ ಹೋಗಿ ಟೀಚರನ್ನು ಕೇಳಿದೆ, ದನಿ ಏರಿಸಿಯೇ ಕೇಳಿದೆ. ಅವರು ಶಾಂತವಾಗಿ ಹೇಳಿದರು: ‘ಪರ್ಸೆಂಟ್ ಯಾಕ ಏರಿಲ್ಲ ಅಂತ ನೀವೇ ಕೇಳ್ತಿದ್ರಲ್ರಿ ಸರ್. ಏರಿಸಿನ್ರಿ.’

ಲೆಕ್ಕ ಎಷ್ಟು ಸರಳವೆಂದರೆ ಹೇಳಲಿಕ್ಕೆ ನಾಚಿಕೆಯಾಗುತ್ತದೆ. ಒಂದು ತರಗತಿಯಲ್ಲಿ ಇಪ್ಪತ್ತು ಮಕ್ಕಳು ಅನ್ನಿ. ಹತ್ತು ಮಕ್ಕಳಿಗೆ 80 ಅಂಕ, ಹತ್ತು ಮಕ್ಕಳಿಗೆ 30. ಸರಾಸರಿ 55. ಕೆಳಗಿನ ನಾಲ್ವರನ್ನು ಆ ದಿನ ಮನೆಯಲ್ಲೇ ಉಳಿಸಿಬಿಡಿ, ಸರಾಸರಿ 61 ದಾಟುತ್ತದೆ. ಯಾರಿಗೂ ಒಂದಕ್ಷರ ಹೆಚ್ಚು ಕಲಿಸಬೇಕಿಲ್ಲ. ಪರೀಕ್ಷೆ ಬರೆದವರ ಸಂಖ್ಯೆ ನನ್ನ ಹಾಳೆಯಲ್ಲೇ ಇತ್ತು, ದಾಖಲಾದವರ ಸಂಖ್ಯೆ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಪುರುಸೊತ್ತು ನನಗಿರಲಿಲ್ಲ. ಬಣ್ಣ ತುಂಬುವುದಕ್ಕೆ ಮಾತ್ರ ಪುರುಸೊತ್ತಿತ್ತು.

ಟೀಚರ್ ಮಾಡಿದ್ದು ತಪ್ಪೇ. ಆದರೆ ಆ ತಪ್ಪಿಗೆ ಅವರನ್ನು ದೂಡಿದ್ದು ನಾನು.

ಆಮೇಲೆ ಹಟಕ್ಕೆ ಬಿದ್ದವನಂತೆ ಓದಿದೆ. ಅಮೆರಿಕದಲ್ಲಿ 1966ರಲ್ಲೇ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞನ ನೇತೃತ್ವದಲ್ಲಿ ಲಕ್ಷಾಂತರ ವಿದ್ಯಾರ್ಥಿಗಳ ಸಮೀಕ್ಷೆ ನಡೆದು, ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆಯೇ ಅಂಕಗಳೊಂದಿಗೆ ಹೆಚ್ಚು ಗಟ್ಟಿಯಾಗಿ ತಳಕು ಹಾಕಿಕೊಂಡಿದೆ ಎಂದು ವರದಿ ಬಂದಿತ್ತು. ನಮ್ಮಲ್ಲಿ 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆ ಮಕ್ಕಳನ್ನು ಶಾಲೆಯಲ್ಲಲ್ಲ, ಮನೆಯಲ್ಲಿ ಹುಡುಕಿ ಓದಿಸುತ್ತದೆ. ಶಾಲೆಯಲ್ಲಿ ಮಾತ್ರ ಅಳೆದರೆ ಗೈರುಹಾಜರಾದವರು, ಶಾಲೆ ಬಿಟ್ಟವರು ಲೆಕ್ಕದಿಂದಲೇ ಜಾರಿಹೋಗುತ್ತಾರೆ. ಈ ಸಣ್ಣ ವಿವೇಕ ನನ್ನ ಹಾಳೆಗೆ ಇರಲಿಲ್ಲ.

ಇನ್ನಷ್ಟು ಚುಚ್ಚಿದ್ದು ನಲಿಕಲಿಯ ವಿಷಯ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ, ಋಷಿವ್ಯಾಲಿಯ ಪದ್ಧತಿ ನೋಡಿ ಬಂದ ನಮ್ಮಂಥ ಶಿಕ್ಷಕರೇ ಕಟ್ಟಿದ ಕ್ರಮ ಅದು. ಮಗು ನಡುವೆ ವಾರಗಟ್ಟಲೆ ಬರದಿದ್ದರೂ ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತಬೇಕು ಎಂಬುದು ಅದರ ಕಲಿಕಾ ಏಣಿಯ ಜೀವಾಳ. ಯಾವ ಮಗು ಯಾವ ಮೈಲುಗಲ್ಲಿನಲ್ಲಿದೆ ಎಂದು ತೋರಿಸುವ ‘ಪ್ರಗತಿ ನೋಟ’ ತಾಂಡಾ ಶಾಲೆಯ ಗೋಡೆಯ ಮೇಲೂ ಇತ್ತು. ಭೇಟಿಗೆ ಹೋದಾಗಲೆಲ್ಲ ಅದರ ಎದುರಿಗೇ ಕುಳಿತು ಚಹಾ ಕುಡಿದಿದ್ದೇನೆ; ಹಾಕಿದ್ದಾರೋ ಇಲ್ಲವೋ ನೋಡಿ ಟಿಕ್ ಹಾಕಿಕೊಂಡಿದ್ದೆನೇ ಹೊರತು ಓದಿರಲಿಲ್ಲ. ಈಗ ಟೀಚರ್ ಜೊತೆ ಕುಳಿತು, ಹಳೆಯ ನೋಟಗಳನ್ನೂ ಹಾಜರಿಯನ್ನೂ ಎದುರಿಗಿಟ್ಟುಕೊಂಡು ಓದಿದೆ. ಜೂನ್‌ನಿಂದ ದೀಪಾವಳಿವರೆಗೆ ತಪ್ಪದೆ ಬಂದ ಮಕ್ಕಳು ಕನ್ನಡವೇ ಬಾರದ ಸ್ಥಿತಿಯಿಂದ ಸರಳ ಪದ ಓದುವವರೆಗೆ ಬಂದಿದ್ದರು. ಹೋಬಳಿ ಊರಿನ ಮಕ್ಕಳಲ್ಲಿ ಎಷ್ಟೋ ಮಂದಿ ಓದು ಕಲಿತೇ ಶಾಲೆಗೆ ಬಂದವರು. ಅವರು ಆ ಅವಧಿಯಲ್ಲಿ ಹತ್ತಿದ ಮೆಟ್ಟಿಲುಗಳು ಇಷ್ಟಿರಲಿಲ್ಲ. ನಾನು ವರ್ಷಗಟ್ಟಲೆ ಎಬ್ಬಿಸಿ ನಿಲ್ಲಿಸಿದ್ದು ಕ್ಲಸ್ಟರಿನಲ್ಲೇ ಹೆಚ್ಚು ಕಲಿಸಿದ ಶಿಕ್ಷಕಿಯನ್ನು.

ಮುಂದಿನ ಸಭೆಯಲ್ಲಿ ಎಲ್ಲರೆದುರು ಇದನ್ನು ಹೇಳಿದೆ. ಬಣ್ಣಗಳನ್ನು ಕೈಬಿಟ್ಟು, ದಾಖಲಾದವರು, ಬರೆದವರು, ಗುಳೆ ಹೋದವರು, ಮನೆಮಾತು ಬೇರೆ ಇರುವವರು ಎಂಬ ಅಂಕಣಗಳನ್ನು ಸೇರಿಸಿದೆ. ಹೋಲಿಕೆ ಶಾಲೆ ಶಾಲೆಗಳ ನಡುವೆ ಬೇಡ, ಮಗುವಿನ ಜೂನ್ ಮತ್ತು ಮಾರ್ಚ್ ನಡುವೆ ಇರಲಿ ಎಂದುಕೊಂಡೆವು. ಮೇಲಿನವರಿಗೆ ಹಾಳೆ ಹಿಡಿಸಲಿಲ್ಲ, ಒಂದೇ ಪುಟದಲ್ಲಿ ಬರಲಿ ಎಂದರು. ಕೇಳಿದ ದಿನ ಹಳೆಯ ನಮೂನೆಯನ್ನೂ ತುಂಬಿ ಕಳಿಸಬೇಕಾಯಿತು. ಇದರಲ್ಲಿ ನಾನೇನೂ ದೊಡ್ಡ ಗೆಲುವು ಸಾಧಿಸಲಿಲ್ಲ. ಪರೀಕ್ಷೆಯ ದಿನ ಮನೆಯಲ್ಲಿ ಉಳಿದ ಮಕ್ಕಳಲ್ಲಿ ಕೆಲವರು ಮರಳಿ ಬಂದರು. ತಮ್ಮನನ್ನು ಎತ್ತಿಕೊಂಡಿದ್ದ ಹುಡುಗಿ ಬರಲಿಲ್ಲ. ಎರಡು ಸಲ ಕರೆಯಲು ಹೋದಾಗ ಒಳಗೆ ಓಡಿದಳು. ಆಮೇಲೆ ಆ ಮನೆಯವರು ಅವಳನ್ನೂ ಕರೆದುಕೊಂಡು ಪುಣೆಗೆ ಹೋದರು.

ಈಗ ಕ್ಲಸ್ಟರುಗಳಲ್ಲಿ ನಾನಿದ್ದ ಜಾಗದಲ್ಲಿರುವ ಗೆಳೆಯರಿಗೆ ಒಂದು ವಿನಂತಿ. ಯಾವುದಾದರೂ ಶಾಲೆಯ ಸರಾಸರಿ ದಿಢೀರನೆ ಏರಿದ್ದು ಕಂಡರೆ ಚಪ್ಪಾಳೆಗೆ ಮೊದಲು ಹಾಜರಿ ಪುಸ್ತಕ ತರಿಸಿ, ಪರೀಕ್ಷೆಯ ದಿನದ ಅಂಕಣದಲ್ಲಿ ಯಾರ್ಯಾರು ಗೈರು ಎಂದು ಹೆಸರು ಹಿಡಿದು ಓದಿ. ಆಮೇಲೆ ಆ ಮನೆಗಳಿಗೆ ಹೋಗಿ ಬನ್ನಿ.