ನಿನಗೇಕೆ ಸಂಸ್ಕೃತ?

ನಮ್ಮ ಓದುವ ಮೇಜಿನ ಮೇಲೆ ಸುಮಾರು ಮೂವತ್ತೈದು ವರ್ಷಗಳಿಂದ ಒಂದು ದಪ್ಪ ಗ್ರಂಥವು ಕುಳಿತಿರುವುದು. ಮಂಗಳೂರಿನಲ್ಲಿ 1894ರಲ್ಲಿ ಮೊದಲು ಅಚ್ಚಾದ ಕಿಟೆಲ್ ಪಂಡಿತರ ಕನ್ನಡ ನಿಘಂಟಿನ ಮರುಮುದ್ರಣವದು. ಪಾಠ ಹೇಳುವ ಮುನ್ನ ಅದನ್ನು ತೆರೆಯದ ದಿನವು ನಮ್ಮ ವೃತ್ತಿಕಾಲದಲ್ಲಿ ಬಹು ವಿರಳ. ಕಳೆದ ತಿಂಗಳು ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದು, ಆ ಗ್ರಂಥದ ಮೇಲೆ ಕೈಯಿಟ್ಟು ನಕ್ಕನು. ಆ ನಗೆಯ ಅರ್ಥವು ನಮಗೆ ತಿಳಿದದ್ದು ಆತನು ಎದ್ದು ಹೊರಡುವ ಹೊತ್ತಿಗೆ.

ಆತನು ಧಾರವಾಡದ ಒಂದು ಕ್ರೈಸ್ತ ಕುಟುಂಬದವನು, ವಯಸ್ಸು ಇಪ್ಪತ್ತೆಂಟಿರಬಹುದು. ಕಾಲೇಜಿಗೆಂದು ಬೆಂಗಳೂರಿಗೆ ಹೋದವನು ಅಲ್ಲಿಯ ವಿದ್ಯಾರ್ಥಿನಿಲಯದ ಪ್ರಾರ್ಥನಾಕೂಟವನ್ನು ಸೇರಿದನಂತೆ. ಇಂಥ ವಿದ್ಯಾರ್ಥಿಸಂಘಗಳಿಗೆ ದೀರ್ಘ ಚರಿತ್ರೆಯಿದೆ. 1895ರಲ್ಲಿ ಸ್ವೀಡನ್ ದೇಶದಲ್ಲಿ ಜಾನ್ ಮಾಟ್ ಮೊದಲಾದವರು ಕೂಡಿ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟವನ್ನು ಕಟ್ಟಿದರು. ನಮ್ಮ ದೇಶದಲ್ಲಿ 1912ರಲ್ಲಿ ಅಂಥದೇ ಚಳವಳಿಯು ಆರಂಭವಾಯಿತು. ನಮ್ಮ ಶಿಷ್ಯನಿಗೆ ಆಗ ಹೊಸ ಉತ್ಸಾಹ. ಸುವಾರ್ತೆಯನ್ನು ಕೇಳದವನು ವಿದ್ಯಾರ್ಥಿನಿಲಯದಲ್ಲಿ ಒಬ್ಬನೂ ಉಳಿಯಬಾರದೆಂದು ಸಂಕಲ್ಪ ಮಾಡಿದ್ದನು.

ಹೀಗಿರಲು, ಅದೇ ಕೋಣೆಯಲ್ಲಿದ್ದ ಗೆಳೆಯನ ತಂದೆಯು ಅಕಸ್ಮಾತ್ತಾಗಿ ತೀರಿಕೊಂಡರು. ಸುದ್ದಿ ಬಂದ ರಾತ್ರಿ ಇವನು ಸತ್ಯವೇದವನ್ನು ತೆರೆದು ಸಮಾಧಾನದ ವಾಕ್ಯಗಳನ್ನು ಓದಲಾರಂಭಿಸಿದನು. ಗೆಳೆಯನು ತುಸು ಹೊತ್ತು ಸುಮ್ಮನಿದ್ದು, “ನೀನು ನನ್ನ ಮಾತು ಕೇಳಲಿಕ್ಕೆ ಕೂತಿರುವೆಯೋ, ನಿನ್ನ ಮಾತು ಹೇಳಲಿಕ್ಕೆ ಕೂತಿರುವೆಯೋ?” ಎಂದು ಕೇಳಿದನಂತೆ.

“ಗುರುಗಳೆ, ನನ್ನಲ್ಲಿ ಉತ್ತರವಿರಲಿಲ್ಲ. ಪುಸ್ತಕ ಮುಚ್ಚಿದೆ. ರಾತ್ರಿಯ ಬಸ್ಸಿಗೆ ಅವನ ಜೊತೆಯಲ್ಲಿಯೇ ಊರಿಗೆ ಹೋದೆ. ಅವರ ಮನೆಯಲ್ಲಿ ನಾಲ್ಕು ದಿನ ನೀರು ಸೇದಿದೆ, ಬಂದವರಿಗೆ ಚಾಪೆ ಹಾಸಿದೆ. ಧರ್ಮದ ಮಾತು ಒಂದನ್ನೂ ಆಡಲಿಲ್ಲ. ಈಗಲೂ ಅವನೇ ನನಗೆ ಎಲ್ಲರಿಗಿಂತ ಹತ್ತಿರದ ಸ್ನೇಹಿತ,” ಎಂದನು.

ಓದು ಮುಗಿದ ಮೇಲೆ ಅವನ ಸಭೆಯವರು ಅವನನ್ನು ಒಂದು ವರ್ಷದ ಸೇವೆಗಾಗಿ ಜರ್ಮನಿಗೆ ಕಳುಹಿಸಿದರು. ನಾವು ಆಶ್ಚರ್ಯಪಟ್ಟು, “ಅಲ್ಲಿಂದ ಇಲ್ಲಿಗೆ ಮಿಶನರಿಗಳು ಬಂದದ್ದನ್ನು ಬಲ್ಲೆವು, ಇಲ್ಲಿಂದ ಅಲ್ಲಿಗೂ ಹೋಗುವುದುಂಟೆ?” ಎಂದೆವು. ಆತನು ಹೇಳಿದ ಸಂಗತಿಯು ಸ್ವಾರಸ್ಯವಾಗಿದೆ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲಿ ಅನೇಕರು ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ಮಂಗಳೂರಿನ ಅವರ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯನು 1844ರಲ್ಲಿ ದೀಕ್ಷಾಸ್ನಾನವನ್ನು ಪಡೆದು, 1846ರಲ್ಲಿ ಮೊಗ್ಲಿಂಗ್ ಪಾದ್ರಿಗಳೊಡನೆ ಬಾಸೆಲಿಗೆ ಹೋಗಿ, ಐದು ವರ್ಷ ಅಭ್ಯಾಸಮಾಡಿ, 1851ರಲ್ಲಿ ಪಾದ್ರಿಯ ಪದವಿಯನ್ನು ಹೊಂದಿ ಹಿಂದಿರುಗಿದನು. ಆ ಮತಾಂತರದಿಂದ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮನೆಯ ಮಗನನ್ನು ಕಳೆದುಕೊಂಡೆವೆಂದು ಅತ್ತ ಹಿರಿಯರ ಸಂಕಟವನ್ನು ನಾವು ಹಗುರವಾಗಿ ಎಣಿಸಲಾರೆವು. ಹಾಗೆಂದು ಶಿಷ್ಯನ ಎದುರಿಗೂ ಹೇಳಿದೆವು. ಆತನು ಸಿಟ್ಟಾಗಲಿಲ್ಲ. “ನಿಜ, ಗುರುಗಳೆ. ಆ ದುಃಖ ನಮ್ಮ ಮನೆತನದ ಮೂಲದಲ್ಲಿಯೂ ಇರಬೇಕು,” ಎಂದನು.

ವ್ಯುರ್ಟೆಂಬರ್ಗಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಅವನ ಕೆಲಸ. ಮುದುಕರನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ಊಟ ಮಾಡಿಸುವುದು. ಅಲ್ಲಿಯ ವಿಶಾಲವಾದ ದೇವಾಲಯದಲ್ಲಿ ಭಾನುವಾರ ಕೂಡುತ್ತಿದ್ದವರು ಇಪ್ಪತ್ತು ಮೂವತ್ತು ನರೆತಲೆಗಳು ಮಾತ್ರ. ತನ್ನ ಹಿರಿಯರಿಗೆ ಸುವಾರ್ತೆಯನ್ನು ತಂದ ಪ್ರಾಂತದಲ್ಲಿಯೇ ಹೀಗಿರುವುದನ್ನು ಕಂಡು ಅವನಿಗೆ ದಿಗಿಲಾಯಿತಂತೆ.

ಆಶ್ರಮದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದರು. ಪ್ರಾರ್ಥನೆಯಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಈ ಪರದೇಶದ ಹುಡುಗನಲ್ಲಿ ಮೊದಲೇ ಇರಲಿಲ್ಲ. ಒಂದು ದಿನ ಇವನು ಜರ್ಮನ್ ಭಾಷೆಯಲ್ಲಿ ಏನನ್ನೋ ಹೇಳುತ್ತ ಲಿಂಗವನ್ನು ತಪ್ಪಿದನು. ಆ ಭಾಷೆಯಲ್ಲಿ ಪ್ರತಿಯೊಂದು ನಾಮಪದಕ್ಕೂ ‘ಡೆರ್’, ‘ಡೀ’, ‘ಡಾಸ್’ ಎಂಬ ಮೂರರಲ್ಲಿ ಒಂದು ಲಿಂಗಸೂಚಕವು ಹತ್ತಿರುತ್ತದೆ. ಹುಡುಗಿಯೆಂಬ ಶಬ್ದವೇ ನಪುಂಸಕಲಿಂಗ! ವೃದ್ಧರು ತಟ್ಟನೆ ತಿದ್ದಿದರು. ಇವನು ಮತ್ತೆ ಹೇಳಿದನು. ಅಂದಿನಿಂದ ಬೆಳಗಿನ ಸ್ನಾನದ ಹೊತ್ತಿನಲ್ಲಿ ದಿನಕ್ಕೆ ಐದು ಶಬ್ದಗಳ ಪಾಠವು ನಡೆಯಿತು. ಒಮ್ಮೆ ಅವರು, “ನಮಗೆ ಏನನ್ನು ಕೊಡಲು ಇಷ್ಟು ದೂರ ಬಂದೆ?” ಎಂದು ಕೇಳಿದಾಗ, ಇವನು, “ಕೊಡಲು ಬಂದದ್ದು ನಿಜ, ಈಗ ಲಿಂಗಗಳನ್ನು ಕಲಿಯುತ್ತಿದ್ದೇನೆ,” ಎಂದನು. ಮುದುಕರು ಮೊದಲ ಬಾರಿಗೆ ನಕ್ಕರಂತೆ.

ಚಳಿಗಾಲದಲ್ಲಿ ಅವರು ತೀರಿಕೊಂಡರು. ಆ ರಾತ್ರಿ ಅವರ ಕೈಯನ್ನು ಹಿಡಿದು ಕುಳಿತಿದ್ದವನು ಇವನೇ. ಉಸಿರು ನಿಂತಾಗ ದಾದಿಯು ಬಂದು ಕಿಟಕಿಯನ್ನು ತೆರೆದಳು. ಅದು ಅಲ್ಲಿಯ ಹಳೆಯ ಪದ್ಧತಿ. ಇವನಿಗೆ ಜರ್ಮನ್ ಮಾತು ಒಂದೂ ನೆನಪಿಗೆ ಬಾರದೆ, ತಾಯಿ ಕಲಿಸಿದ ಕನ್ನಡ ಪ್ರಾರ್ಥನೆಯನ್ನೇ ಮೆಲ್ಲಗೆ ಹೇಳಿದನು.

ಇದನ್ನು ಹೇಳಿ ಆತನು ಬಹಳ ಹೊತ್ತು ಸುಮ್ಮನಿದ್ದನು. ಬಳಿಕ ಮತ್ತೆ ನಿಘಂಟಿನ ಮೇಲೆ ಕೈಯಿಟ್ಟನು. “ಗುರುಗಳೆ, ಈ ಕಿಟೆಲರು 1853ರಲ್ಲಿ ಬಂದಾಗ ಇಪ್ಪತ್ತೊಂದು ವರ್ಷದ ತರುಣರು. ಉಪದೇಶಿಸಲು ಬಂದವರು ಕಲಿಯಲು ಕುಳಿತರು. 1872ರಲ್ಲಿ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಅಚ್ಚು ಹಾಕಿಸಿದರು. ಸಂಸ್ಕೃತ ಯಾವುದು, ದೇಸಿ ಯಾವುದು ಎಂದು ಶಬ್ದ ಶಬ್ದವನ್ನೂ ವಿಂಗಡಿಸಿದರು. ಅವರನ್ನು ಯಾರೂ ‘ನಿನಗೇಕೆ ಕನ್ನಡ?’ ಎಂದು ಕೇಳಲಿಲ್ಲವೇನೋ!”

ನಮಗೆ ಆಗ ನೆನಪಾಯಿತು. ಸುಮಾರು ಹದಿನೈದು ವರ್ಷಗಳ ಹಿಂದೆ, ಎಂಟನೆಯ ತರಗತಿಯ ಮಕ್ಕಳು ಭಾಷೆಯನ್ನು ಆರಿಸಿಕೊಳ್ಳುವ ದಿನ, ಈ ಹುಡುಗನು ನಮ್ಮ ಮುಂದೆ ನಿಂತು ಸಂಸ್ಕೃತ ಬೇಕೆಂದನು. ನಾವು ಕನ್ನಡಕದ ಮೇಲಿಂದ ನೋಡಿ, “ನಿನಗೇಕಪ್ಪಾ ಸಂಸ್ಕೃತ?” ಎಂದೆವು. ದುರುದ್ದೇಶದಿಂದಲ್ಲ, ಆದರೆ ತರಗತಿಯು ನಕ್ಕಿತು, ನಾವೂ ನಕ್ಕೆವು. ಹುಡುಗನು ಮರುಮಾತಿಲ್ಲದೆ ಬೇರೆ ಸಾಲಿಗೆ ಹೋದನು. ಅಂದೂ ನಮ್ಮ ಮೇಜಿನ ಮೇಲೆ ಒಬ್ಬ ಪಾದ್ರಿಯ ಈ ಗ್ರಂಥವು ತೆರೆದಿತ್ತು. ಸಂಸ್ಕೃತವನ್ನು ಕಲಿಸುವುದೇ ವೃತ್ತಿಯಾಗಿದ್ದ ನಾವು ಕೇಳಿ ಬಂದ ಒಬ್ಬನನ್ನು ಹಿಂದಕ್ಕೆ ಕಳುಹಿಸಿದೆವು.

“ತಪ್ಪಾಯಿತು, ತಮ್ಮಾ,” ಎಂದೆವು. ನಮ್ಮ ಆಯುಷ್ಯದಲ್ಲಿ ಶಿಷ್ಯನೊಬ್ಬನಿಗೆ ಹಾಗೆ ಹೇಳಿದ್ದು ಅದೇ ಮೊದಲು. ಆತನು ಕೆಳಗೆ ನೋಡುತ್ತ, “ನಾನೂ ಆ ಗೆಳೆಯನ ಮುಂದೆ ಹಾಗೆಯೇ ಮಾಡಿದೆನಲ್ಲ, ಗುರುಗಳೆ,” ಎಂದನು.

ಮತಾಂತರದ ವಿಷಯದಲ್ಲಿ ನಮ್ಮ ಅಭಿಪ್ರಾಯವು ಬದಲಾಗಿಲ್ಲ. ಆತನ ಶ್ರದ್ಧೆಯೂ ಬದಲಾಗಿಲ್ಲ. ಈಗ ಆತನು ಭಾನುವಾರದ ಆರಾಧನೆಯನ್ನು ಮುಗಿಸಿಕೊಂಡು ಮಧ್ಯಾಹ್ನ ನಮ್ಮಲ್ಲಿಗೆ ಬರುತ್ತಾನೆ. ರಾಮಶಬ್ದವು ಮುಗಿದಿದೆ. ‘ದಾರಾ’ ಎಂದರೆ ಹೆಂಡತಿಯಾದರೂ ಆ ಶಬ್ದವು ಪುಲ್ಲಿಂಗ, ಬಹುವಚನ. ‘ಕಲತ್ರ’ವೆಂದರೂ ಹೆಂಡತಿಯೇ, ಅದು ನಪುಂಸಕಲಿಂಗ ಎಂದು ಹೇಳಿಕೊಟ್ಟಾಗ ಆತನು ಬಹಳ ನಕ್ಕನು. ಆ ಜರ್ಮನ್ ಉಪಾಧ್ಯಾಯರಿಗೆ ಇದನ್ನು ಹೇಳಬಹುದಾಗಿತ್ತು ಎಂದನು. ಕಳೆದ ವಾರ ಲಿಂಗವನ್ನು ಎರಡು ಕಡೆ ತಪ್ಪಿದ್ದನು, ತಿದ್ದಿದ್ದೇವೆ.