ಮೊದಲು ಮಾತು, ಆಮೇಲೆ ರೇಟು

ನಾಲ್ಕು ತಿಂಗಳಾಯ್ತು ಇತ್ತ ಕಡೆ ತಲೆ ಹಾಕಿ. ಆಫೀಸಿನಲ್ಲಿ ರಿಲೀಸು, ಊರಲ್ಲಿ ಅಪ್ಪನ ಕಣ್ಣಿನ ಆಪರೇಷನ್ನು... ನೆಪಗಳಿಗೇನು ಬರವಿಲ್ಲ ಬಿಡಿ. ಇವತ್ತು ಬರೆಯಲೇಬೇಕು ಅನ್ನಿಸಿದ್ದು ಅಕ್ಕ ಕಳಿಸಿದ ಒಂದು ಫೋಟೋ ನೋಡಿ. ಅವಳ ಮಗಳು ಹಾಸ್ಟೆಲ್ ಕೋಣೆಯ ಬಾಗಿಲಲ್ಲಿ ಎರಡು ಸೂಟ್‌ಕೇಸ್ ಇಟ್ಟುಕೊಂಡು ನಗ್ತಾ ನಿಂತಿದ್ದಾಳೆ. ಆ ಬಾಗಿಲು ಬೇರೆ ಯಾವುದೋ ಊರಿನ ಬೇರೆ ಯಾವುದೋ ಬಾಗಿಲಾಗಬಹುದಿತ್ತೇನೋ. ಆಗದೇ ಇದ್ದದ್ದರಲ್ಲಿ ನನ್ನದೂ ಒಂದು ಪಾಲಿದೆ.

ಅಕ್ಕ ಅಂದರೆ ನಮ್ಮ ದೊಡ್ಡಪ್ಪನ ಮಗಳು. ಮದುವೆಯಾಗಿ ನ್ಯೂಜೆರ್ಸಿಗೆ ಹೋಗಿ ಇಪ್ಪತ್ತು ವರ್ಷವಾಯ್ತು. ಹೋದ ವರ್ಷ ಜುಲೈನಲ್ಲಿ ಮಗಳನ್ನು ಕರಕೊಂಡು ಬ್ಯಾಡಗಿಗೆ ಬಂದಿದ್ದಳು. ನಾನೂ ಮನೆಯಿಂದಲೇ ಕೆಲಸ ಅಂತ ಹೇಳಿ ಎರಡು ವಾರ ಊರಲ್ಲಿದ್ದೆ. ಭಾವ ಬಂದಿರಲಿಲ್ಲ. ಯಾಕೆ ಅಂತ ಮೂರನೇ ದಿನ ಗೊತ್ತಾಯ್ತು. ಮೇ ತಿಂಗಳಲ್ಲಿ ಅವರ ಕೆಲಸ ಹೋಗಿತ್ತು. ಊರಲ್ಲಿ ಯಾರಿಗೂ ಹೇಳಿರಲಿಲ್ಲ.

ಅವತ್ತು ರಾತ್ರಿ ಅಂಗಳದಲ್ಲಿ ಕೂತಾಗ ಅಕ್ಕ ಕೇಳಿದಳು, "ತಮ್ಮಾ, ನೀ ಕಂಪ್ಯೂಟರ್ ಓದಿದಾಂವ. ಲೆಕ್ಕಾ ಹಾಕಿ ಹೇಳಪಾ, ಇಕಿಗೆ ಎಷ್ಟು ಚಾನ್ಸ್ ಐತಿ?"

ಸಾಫ್ಟ್‌ವೇರಿನವರಿಗೆ ಊರಲ್ಲಿ ಪ್ರಿಂಟರ್ ರಿಪೇರಿಯಿಂದ ಹಿಡಿದು ಜಾತಕದ ತನಕ ಎಲ್ಲಾ ಗೊತ್ತಿರುತ್ತೆ ಅಂತ ನಂಬಿಕೆ :-) ನಾನೂ ಹುಮ್ಮಸ್ಸಿನಲ್ಲಿ ಲ್ಯಾಪ್‌ಟಾಪ್ ತೆಗೆದೆ.

ವಿಷಯ ಏನಪ್ಪಾ ಅಂದರೆ, ಅಮೆರಿಕಾದ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅರ್ಜಿ ಹಾಕೋಕೆ ಎರಡು ದಾರಿ. ಎಲ್ಲರ ಜೊತೆ ಜನವರಿ ಹೊತ್ತಿಗೆ ಹಾಕಿ ಮಾರ್ಚ್ ಕೊನೆಗೆ ಫಲಿತಾಂಶ ನೋಡುವುದು ಒಂದು. ನವೆಂಬರ್ ಒಂದರೊಳಗೇ ಹಾಕಿ ಡಿಸೆಂಬರ್ ಮಧ್ಯದಲ್ಲಿ ಉತ್ತರ ಪಡೆಯುವುದು ಇನ್ನೊಂದು. ಈ ಬೇಗದ ದಾರಿಯಲ್ಲೂ ಎರಡು ಕವಲು. 'ಅರ್ಲಿ ಆ್ಯಕ್ಷನ್' ಅಂದರೆ ಸೀಟು ಸಿಕ್ಕರೂ ಬೇಡ ಅನ್ನಬಹುದು. 'ಅರ್ಲಿ ಡಿಸಿಷನ್' ಅಂದರೆ ಹಾಗಲ್ಲ. ಆ ಥರ ಒಂದೇ ಕಡೆ ಹಾಕಬೇಕು; ಸಿಕ್ಕರೆ ಬರುತ್ತೇನೆ ಅಂತ ಮೊದಲೇ ಸಹಿ ಮಾಡಬೇಕು. ಹುಡುಗಿ, ಅಪ್ಪ ಅಥವಾ ಅಮ್ಮ, ಶಾಲೆಯ ಕೌನ್ಸೆಲರ್, ಮೂವರದೂ ಸಹಿ. ಇವಳು ಕನಸು ಕಂಡಿದ್ದ ಕಡೆ ಎರಡನೆಯದೇ ಇದ್ದದ್ದು.

ಆಸೆ ಹುಟ್ಟಿಸುವುದು ಅಂಕಿ ಅಂಶ. ಉದಾಹರಣೆಗೆ ಬ್ರೌನ್ ವಿಶ್ವವಿದ್ಯಾಲಯದ್ದು ನೋಡಿ. 2023ರಲ್ಲಿ ಸೇರಿದ ಬ್ಯಾಚಿಗೆ ಬೇಗ ಅರ್ಜಿ ಹಾಕಿದವರು 6,770, ಸೀಟು ಸಿಕ್ಕಿದ್ದು 879 ಜನಕ್ಕೆ. ಅಂದರೆ ನೂರಕ್ಕೆ 13. ಆ ವರ್ಷ ಒಟ್ಟು ಅರ್ಜಿ 51,302, ಒಟ್ಟು ಸೀಟು 2,609. ಬೇಗದವರನ್ನು ಕಳೆದರೆ ಉಳಿದವರಿಗೆ ನೂರಕ್ಕೆ ನಾಲ್ಕೂ ಪೂರ್ತಿ ಇಲ್ಲ. ಮೂರು ಪಟ್ಟಿಗೂ ಹೆಚ್ಚು ವ್ಯತ್ಯಾಸ! ಯಾರಿಗೆ ತಾನೇ ಆಸೆಯಾಗಲ್ಲ ಹೇಳಿ.

ಆದರೆ ಬೇಗ ಬಂದವರು ಯಾರು ಅಂತಲೂ ನೋಡಬೇಕಲ್ಲ. ಕೋಚ್‌ಗಳು ಮೊದಲೇ ಆರಿಸಿಟ್ಟುಕೊಂಡ ಆಟಗಾರರು ಹೆಚ್ಚಾಗಿ ಈ ಸಾಲಿನಲ್ಲೇ ಬರುತ್ತಾರೆ. ಅಪ್ಪನೋ ಅಮ್ಮನೋ ಅಲ್ಲೇ ಓದಿದ್ದ ಮಕ್ಕಳೂ ಇದೇ ಸಾಲಿನಲ್ಲಿ. ಹಾರ್ವರ್ಡ್ ಮೇಲೆ ನಡೆದು 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಮೊಕದ್ದಮೆ ಗೊತ್ತಲ್ಲ, ಅದರಲ್ಲಿ ಒಳಗಿನ ಲೆಕ್ಕ ಹೊರಗೆ ಬಂತು. ಒಟ್ಟಾರೆ ನೂರಕ್ಕೆ ಆರೇಳು ಜನಕ್ಕೆ ಸೀಟು ಸಿಗುತ್ತಿದ್ದ ಆ ವರ್ಷಗಳಲ್ಲಿ, ಕೋಚ್ ಆರಿಸಿದ ಆಟಗಾರರಿಗೆ ನೂರಕ್ಕೆ ಸುಮಾರು 86, ಹಳೇ ವಿದ್ಯಾರ್ಥಿಗಳ ಮಕ್ಕಳಿಗೆ ಸುಮಾರು 33. ಈಗ ಒಂದು ಅಂದಾಜಿನ ಲೆಕ್ಕ ಹಾಕೋಣ. ಬೇಗ ಬಂದ ನೂರು ಜನರಲ್ಲಿ 13 ಸೀಟು. ಅದರಲ್ಲಿ ಆರು ಇಂಥವರಿಗೆ ಮೊದಲೇ ಗೊತ್ತಾಗಿದ್ದರೆ, ಉಳಿದ 94 ಜನಕ್ಕೆ ಏಳು. 13 ಅನ್ನೋದು ಏಳೂವರೆಗೆ ಇಳೀತು.

ಹಾಗಂತ ಲಾಭ ಪೂರ್ತಿ ಸುಳ್ಳೂ ಅಲ್ಲ. ಏವರಿ, ಫೇರ್‌ಬ್ಯಾಂಕ್ಸ್, ಝೆಕ್‌ಹೌಸರ್ ಅನ್ನುವ ಮೂವರು 2003ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದರು. ಒಂದೇ ಮಟ್ಟದ ಇಬ್ಬರು ಮಕ್ಕಳಲ್ಲಿ ಬೇಗ ಅರ್ಜಿ ಹಾಕಿದ ಮಗುವಿಗೆ ಎಸ್‌ಎಟಿಯಲ್ಲಿ ಸುಮಾರು 100 ಅಂಕ ಹೆಚ್ಚಿಗೆ ತೆಗೆದಷ್ಟು ಅನುಕೂಲ ಅಂತ ಅವರ ಲೆಕ್ಕ. ಇದು ಉಳ್ಳವರ ಪರ ಅನ್ನಿಸಿ ಹಾರ್ವರ್ಡ್, ಪ್ರಿನ್ಸ್‌ಟನ್ ಎರಡೂ 2006ರಲ್ಲಿ ಬೇಗದ ಪ್ರವೇಶವನ್ನೇ ನಿಲ್ಲಿಸುವುದಾಗಿ ಹೇಳಿದವು. ಉಳಿದವರಲ್ಲಿ ಹೆಚ್ಚಿನವರು ಹಿಂದೆ ಬರಲಿಲ್ಲ. 2011ರಲ್ಲಿ ಇವೆರಡೂ ಮತ್ತೆ ಶುರು ಮಾಡಿದವು.

"ಹಂಗಾರ ಏಳಂತ ಇಟ್ಕೋ. ನಾಲ್ಕಕ್ಕಿಂತ ಏಳು ಚಲೋ ಅಲ್ಲೇನು?" ಅಂದಳು ಅಕ್ಕ. ಹೌದು, ಚಲೋನೇ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ಗುರುವಾರ, ಮಾರ್ಕೆಟ್ ದಿನ. ಅಪ್ಪ ಕೋಲ್ಡ್ ಸ್ಟೋರೇಜಿನಿಂದ ಇಪ್ಪತ್ತು ಚೀಲ ತೆಗೆಸಿದ್ದ. ಹುಡುಗಿಯನ್ನೂ ಕರಕೊಂಡು ಹೋದೆವು. ಜನವರಿ ಫೆಬ್ರುವರಿಯ ಆ ಕೆಂಪು ಸಮುದ್ರ ಜುಲೈನಲ್ಲಿ ಇರಲ್ಲ, ಆದರೂ ಘಾಟಿಗೆ ಅವಳು ಸೀನಿ ಸೀನಿ ಸುಸ್ತಾದಳು. ದಲಾಲಿ ಅಂಗಡಿಯ ಮುಂದೆ ಚೀಲ ಬಿಚ್ಚಿಟ್ಟು, ಲಾಟ್ ನಂಬರ್ ಹಾಕಿ, ಖರೀದಿದಾರರು ಬಂದು ಹಿಡಿದು ನೋಡಿ, ಮುರಿದು ನೋಡಿ, ತಮ್ಮ ತಮ್ಮ ರೇಟು ಟೆಂಡರಿಗೆ ಹಾಕಿ... ಎಲ್ಲ ತೋರಿಸಿದೆ. ಮಧ್ಯಾಹ್ನ ರೇಟು ಬಂತು. ಅಪ್ಪ ನೋಡಿದ. "ಒಪ್ಪಿಗಿಲ್ಲ" ಅಂದ. ಅಷ್ಟೇ. ಚೀಲದ ಬಾಯಿ ಹೊಲಿಸಿ ವಾಪಸ್ ಇಡಿಸಿದ.

"ಬೇಡ ಅನ್ನಬಹುದಾ?" ಅಂತ ಹುಡುಗಿಗೆ ಆಶ್ಚರ್ಯ. ಆಗ ಅವಳು ತನ್ನ ಕಾಲೇಜಿನ ಕಥೆಯನ್ನು ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಅಪ್ಪನಿಗೆ ಹೇಳಿದಳು. ಅಪ್ಪ ಸಮಾಧಾನವಾಗಿ ಎಲ್ಲಾ ಕೇಳಿ ಒಂದೇ ಪ್ರಶ್ನೆ ಹಾಕಿದ.

"ಅಲ್ಲವ್ವಾ, ಅವರು ರೇಟ್ ಯಾವಾಗ ಹೇಳತಾರ? ನೀ ಮಾತು ಕೊಡೂಕಿಂತ ಮೊದಲೋ, ಕೊಟ್ಟ ಮ್ಯಾಲೋ?"

"ಕೊಟ್ಟ ಮೇಲೆ, ಅಜ್ಜ."

"ಹಂಗಾರ ಅದು ಟೆಂಡರ್ ಅಲ್ಲ ಬಿಡವಾ."

ಅಪ್ಪ ಇದನ್ನು ಯಾಕೆ ಕೇಳಿದ ಅಂತ ನನಗೆ ಗೊತ್ತಿತ್ತು. ಹತ್ತು ವರ್ಷದ ಹಿಂದೆ ನನ್ನ ಸಿಇಟಿ ಫಲಿತಾಂಶ ಬರೋಕೂ ಮೊದಲು, ಒಂದು ಖಾಸಗಿ ಕಾಲೇಜಿನವರು "ಈಗ ಬುಕ್ ಮಾಡಿದರೆ ಸೀಟು ಗ್ಯಾರಂಟಿ, ಆಮೇಲೆ ಸಿಗಲ್ಲ" ಅಂದಿದ್ದರು. ಅಪ್ಪ ಇದೇ ಕೋಲ್ಡ್ ಸ್ಟೋರೇಜಿನ ಚೀಲಗಳನ್ನು ಬಂದ ರೇಟಿಗೆ ಮಾರಿ ಐವತ್ತು ಸಾವಿರ ಕಟ್ಟಿದ. ಮುಂದೆ ಸಿಇಟಿಯಲ್ಲಿ ನನಗೆ ದಾವಣಗೆರೆಯಲ್ಲೇ ಕಡಿಮೆ ಫೀಸಿನ ಸೀಟು ಬಂತು. ಆ ಕಾಲೇಜಿನಿಂದ ಮಾರ್ಕ್ಸ್ ಕಾರ್ಡ್ ಬಿಡಿಸಿಕೊಳ್ಳೋಕೆ ಮೂರು ಸಲ ಓಡಾಡಿದೆವು. ದುಡ್ಡು ಬರಲೇ ಇಲ್ಲ. ತರಗತಿ ಶುರುವಾಗುವ ಮೊದಲೇ ಬಿಟ್ಟರೆ ಸಾವಿರ ರೂಪಾಯಿ ಮಾತ್ರ ಹಿಡಿದುಕೊಂಡು ಉಳಿದದ್ದು ವಾಪಸ್ ಕೊಡಬೇಕು ಅನ್ನೋ ಎಐಸಿಟಿಇ ನಿಯಮ ಇದೆ ಅಂತ ನಮಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ಎರಡು ತಿಂಗಳಲ್ಲಿ ಮೆಣಸಿನಕಾಯಿ ರೇಟೂ ಏರಿತು. ಅಪ್ಪ ಇವತ್ತಿಗೂ ಅದರ ಬಗ್ಗೆ ನನ್ನ ಹತ್ತಿರ ಒಂದು ಮಾತು ಆಡಿಲ್ಲ.

ಅವತ್ತು ರಾತ್ರಿ ಮತ್ತೆ ಲ್ಯಾಪ್‌ಟಾಪ್ ತೆಗೆದೆ. ಈ ಸಲ ಚಾನ್ಸಿನ ಲೆಕ್ಕ ಅಲ್ಲ, ರೇಟಿನ ಲೆಕ್ಕ. 2011ರಿಂದ ಅಮೆರಿಕಾದ ಕಾಲೇಜುಗಳು ತಮ್ಮ ಸೈಟಿನಲ್ಲಿ 'ನೆಟ್ ಪ್ರೈಸ್ ಕ್ಯಾಲ್ಕುಲೇಟರ್' ಇಡಲೇಬೇಕು ಅಂತ ಕಾನೂನಿದೆ. ಮನೆಯ ಆದಾಯ, ಉಳಿತಾಯ ಹಾಕಿದರೆ ನಿಮ್ಮ ಕೈಯಿಂದ ಎಷ್ಟು ಬೀಳಬಹುದು ಅಂತ ಅಂದಾಜು ಹೇಳುತ್ತೆ. ಇಂಥ ಕಡೆ ವರ್ಷದ ಪೂರ್ತಿ ಖರ್ಚು 80 ಸಾವಿರ ಡಾಲರ್ ದಾಟುತ್ತೆ. ಅದರಲ್ಲಿ ಕಾಲೇಜು ಎಷ್ಟು ಬಿಡುತ್ತೆ ಅನ್ನೋದೇ ಪ್ರಶ್ನೆ. ಸಿಕ್ಕು ಇರೋದು ಇಲ್ಲಿ. ನೆರವಿನ ಲೆಕ್ಕಕ್ಕೆ ಅವರು ಮೊದಲು ನೋಡುವುದು ಎರಡು ವರ್ಷ ಹಿಂದಿನ ತೆರಿಗೆ ಕಾಗದ. ಆಗ ಭಾವನಿಗೆ ಕೈತುಂಬ ಸಂಬಳ. ಪರದೆ ಮೇಲೆ ಬಂದ ಮೊತ್ತ ನೋಡಿ ಅಕ್ಕ ಏನೂ ಮಾತಾಡಲಿಲ್ಲ. ಕೆಲಸ ಹೋಗಿದೆ ಅಂತ ಪತ್ರ ಬರೆದು ಮರುಪರಿಶೀಲನೆ ಕೇಳಬಹುದು. ನೆರವು ಸಾಲದಿದ್ದರೆ ಆ ಒಪ್ಪಂದದಿಂದ ಬಿಡಿಸಿಕೊಳ್ಳಲೂಬಹುದು. ಆದರೆ ಅದೆಲ್ಲ ಡಿಸೆಂಬರ್ ಮಧ್ಯದ ಮೇಲೆ. ಬೇರೆ ಕಡೆಯ ಅರ್ಜಿಗೆ ಆಗ ಉಳಿಯೋದು ಎರಡು ಮೂರು ವಾರ. ಬೇರೆ ಕಾಲೇಜಿನ ರೇಟು ಕೈಯಲ್ಲಿ ಇಲ್ಲದೆ ಇವರ ರೇಟು ಹೆಚ್ಚೋ ಕಮ್ಮಿಯೋ ಹೇಳುವುದಾದರೂ ಹೇಗೆ?

"ಮಾಮಾ, ನೀನಾದರೆ ಏನು ಮಾಡ್ತಿದ್ದೆ?" ಹುಡುಗಿ ಕೇಳಿದಳು.

"ಸಹಿ ಮಾಡ್ತಿರಲಿಲ್ಲ" ಅಂದೆ.

ಅವಳು ಮಾಡಲಿಲ್ಲ. ನವೆಂಬರಿನಲ್ಲಿ ತಮ್ಮ ರಾಜ್ಯದ್ದೇ ಆದ ರಟ್ಗರ್ಸ್‌ಗೆ ಅರ್ಲಿ ಆ್ಯಕ್ಷನ್‌ನಲ್ಲಿ ಹಾಕಿದಳು. ಅಲ್ಲಿ ಸಹಿಯ ಗೋಜಿಲ್ಲ. ಕನಸಿನ ಕಾಲೇಜಿಗೆ ಎಲ್ಲರ ಜೊತೆ ಜನವರಿಯಲ್ಲಿ. ಫೆಬ್ರುವರಿಯಲ್ಲಿ ಭಾವನಿಗೆ ಹೊಸ ಕೆಲಸ ಸಿಕ್ಕಿತು, ಸಂಬಳ ಮೊದಲಿನಷ್ಟೇ. ಮಾರ್ಚ್ ಕೊನೆಗೆ ಕನಸಿನ ಕಾಲೇಜಿನಿಂದ ಉತ್ತರ ಬಂತು. ಇಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಲ್ಕಕ್ಕೂ ಏಳಕ್ಕೂ ಮೂರು ವ್ಯತ್ಯಾಸ. ನೂರು ಹುಡುಗಿಯರಿಗೆ ನಾನು ಇದೇ ಸಲಹೆ ಕೊಟ್ಟರೆ ಮೂವರ ಸೀಟು ನನ್ನಿಂದ ಹೋದ ಹಾಗೆ. ಇವಳು ಆ ಮೂವರಲ್ಲಿ ಒಬ್ಬಳೋ, ಉಳಿದ 97ರಲ್ಲಿ ಒಬ್ಬಳೋ? ಯಾವ ಪ್ರೋಗ್ರಾಂ ಬರೆದರೂ ಇದಕ್ಕೆ ಉತ್ತರ ಬರಲ್ಲ. ನಾನು ಸಲಹೆ ಕೊಟ್ಟಿದ್ದು ಅವಳ ಲೆಕ್ಕ ನೋಡಿಯೋ, ಅಪ್ಪನ ಐವತ್ತು ಸಾವಿರ ನೆನೆಸಿಕೊಂಡೋ? ಅದಂತೂ ಇನ್ನೂ ಗೊತ್ತಾಗಿಲ್ಲ.

ಅಕ್ಕನಿಗೆ ಫೋನ್ ಮಾಡಿ "ತಪ್ಪಾಯ್ತೇನೋ ಅಕ್ಕಾ" ಅಂದೆ. "ಅವತ್ತು ಇವರಿಗೆ ಕೆಲಸ ಇರಲಿಲ್ಲಲ್ಲೋ. ಇದ್ದದ್ದು ನೋಡಿ ಹೇಳಿದಿ" ಅಂದಳು. ಹುಡುಗಿ ಎರಡು ದಿನ ಫೋನಿಗೆ ಬರಲಿಲ್ಲ. ಮೂರನೇ ದಿನ ಬಂದು ಕೇಳಿದ್ದು, "ಅಜ್ಜ ಆ ಚೀಲ ಮಾರಿದ್ರಾ?"

ಮಾರಿದ್ದ, ದೀಪಾವಳಿ ಮುಂದೆ. ಅವತ್ತು ಬೇಡ ಅಂದ ರೇಟಿಗಿಂತ ಸ್ವಲ್ಪ ಕಮ್ಮಿಗೇ. ಸ್ಟೋರೇಜ್ ಬಾಡಿಗೆ ಬೇರೆ. ಇದನ್ನು ಅವಳಿಗೆ ಹೇಳಲೋ ಬೇಡವೋ ಅಂತ ಒಂದು ಕ್ಷಣ ಯೋಚಿಸಿ ಹೇಳಿಯೇಬಿಟ್ಟೆ. ಅವಳು ನಕ್ಕಳು. ಆಮೇಲೆ ನಾನೂ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ 'ಎಷ್ಟು ಚಾನ್ಸ್ ಐತಿ' ಅಂತ ಕೇಳಿದರೆ ನೀವು ಏನು ಹೇಳ್ತೀರಿ? ನಾನಂತೂ ಇನ್ನು ಮೇಲೆ ಚಾನ್ಸಿನ ಜೊತೆ ರೇಟಿನ ಲೆಕ್ಕವನ್ನೂ ಹಾಕಿ ಕೊಡುತ್ತೇನೆ. ಸಹಿ ಮಾಡು, ಮಾಡಬೇಡ ಅಂತ ಮಾತ್ರ ಹೇಳಲಾರೆ.