ಅಥಣಿ ರಸ್ತೆ ಹಿಡಿದು ಮೇಬ್ಯಾಕ್ ನೋಡಲು

ವಿಜಯಪುರ ನಗರದಿಂದ ಪಶ್ಚಿಮಕ್ಕೆ ಹೊರಡುವ ಅಥಣಿ ರಸ್ತೆಗೆ ಒಂದು ಗುಣವಿದೆ. ಊರಿನ ಗದ್ದಲ ಹಿಂದೆ ಬಿದ್ದ ಮೇಲೆ ಅದು ಹೆಚ್ಚು ಹೊರಳಾಡುವುದಿಲ್ಲ. ಎರಡೂ ಬದಿಗೆ ಎರೆಮಣ್ಣಿನ ಬಯಲು, ಜೋಳದ ಹೊಲ, ತಿಕೋಟಾ ಸಮೀಪಿಸಿದಂತೆ ದ್ರಾಕ್ಷಿ ತೋಟಗಳು, ಮಣೂಕ ಒಣಗಿಸುವ ಶೆಡ್ಡುಗಳು. ಮುಂದಿನ ವಾಹನ ಬಹು ದೂರದಿಂದಲೇ ಕಾಣುತ್ತದೆ. ಕಾಣುತ್ತದೆ ಎಂಬ ಧೈರ್ಯದಿಂದಲೇ ಹುಡುಗರು ಮೋಟಾರ್ ಸೈಕಲ್ಲಿನ ಕಿವಿ ಹಿಂಡುತ್ತಾರೆ.

ಈ ದಾರಿಯಲ್ಲಿ ಹೋಗುವವರು ಮೊದಲು ತೊರವಿಯಲ್ಲಿ ಇಳಿಯುವುದು ಒಳ್ಳೆಯದು. ಕುಮಾರ ವಾಲ್ಮೀಕಿಯ ತೊರವೆ ರಾಮಾಯಣಕ್ಕೆ ಹೆಸರು ಕೊಟ್ಟ ಊರು ಇದು; ನರಸಿಂಹನ ಗುಡಿ ಇಲ್ಲಿದೆ. ಎರಡನೇ ಇಬ್ರಾಹಿಂ ಆದಿಲಶಾಹ 1599ರಲ್ಲಿ ಕಟ್ಟಲಾರಂಭಿಸಿದ ನವರಸಪುರವೂ ಇಲ್ಲಿಯೇ. ಸಂಗೀತಪ್ರಿಯ ಸುಲ್ತಾನನ ಆ ಹೊಸ ರಾಜಧಾನಿಯನ್ನು 1624ರಲ್ಲಿ ಮಲಿಕ್ ಅಂಬರನ ಸೇನೆ ಹಾಳುಗೆಡವಿತು. ಸಂಗೀತ ಮಹಲಿನ ಕಮಾನುಗಳು ಮಾತ್ರ ಇಂದಿಗೂ ನಿಂತಿವೆ. ಇದೇ ತೊರವಿಯಲ್ಲಿ ಈಗ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಆವರಣವಿದೆ. ಮುಂದೆ ತಿಕೋಟಾ. ಅತ್ತ ದಕ್ಷಿಣಕ್ಕಿರುವ ಬಬಲೇಶ್ವರದಂತೆ ಇದೂ ಈಗ ತಾಲ್ಲೂಕು ಕೇಂದ್ರ. ತೆಲಸಂಗ ದಾಟಿದರೆ ಅಥಣಿ, ಆಮೇಲೆ ಕಾಗವಾಡ, ಗಡಿಯಾಚೆ ಮಿರಜ. ಕೃಷ್ಣೆಯನ್ನು ದಾಟಿ ಇನ್ನಷ್ಟು ಮುಂದುವರಿದರೆ ಕೊಲ್ಹಾಪುರ. ‘ಕೊಲ್ಹಾಪುರಿ’ ಎಂದು ಜಗತ್ತು ಕರೆಯುವ ಚಪ್ಪಲಿಗಳಲ್ಲಿ ಅಥಣಿಯ ಕೈಗಳು ಹೊಲಿದವು ಎಷ್ಟೋ! 2019ರಲ್ಲಿ ಆ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕದಲ್ಲಿ ಕರ್ನಾಟಕದ ಜಿಲ್ಲೆಗಳೂ ಸೇರಿವೆ ಎಂಬುದು ಅಥಣಿಗೆ ಸಂದ ನ್ಯಾಯ.

ಕೊಲ್ಹಾಪುರಕ್ಕೆ ಮಹಾಲಕ್ಷ್ಮಿಯ ದರ್ಶನಕ್ಕೆಂದು ಹೋಗುವ ವಿಜಯಪುರದ ಕುಟುಂಬಗಳು ಬಹಳ. ಆದರೆ ವಿಜಯದಶಮಿಯ ಸಂಜೆ ಅಲ್ಲಿನ ದಸರಾ ಚೌಕದಲ್ಲಿ ನಿಲ್ಲುವವರಿಗೆ ಇನ್ನೊಂದು ದರ್ಶನವಾಗುತ್ತದೆ. ರಾಜಮನೆತನದವರು ಹೊಸ ಅರಮನೆಯಿಂದ ಹಳೆಯ ಮೇಬ್ಯಾಕ್ ಕಾರಿನಲ್ಲಿ ಬಂದಿಳಿಯುತ್ತಾರೆ. 1922ರಿಂದ 1940ರವರೆಗೆ ಆಳಿದ ರಾಜಾರಾಮ ಮಹಾರಾಜರ ಕಾಲದ ಜರ್ಮನ್ ಗಾಡಿ ಅದು. ಉದ್ದನೆಯ ಮೂತಿ, ದೊಡ್ಡ ದೀಪಗಳು, ಆನೆಯ ನಡಿಗೆಯಂಥ ಗಾಂಭೀರ್ಯ. ಮೊಬೈಲ್ ಎತ್ತಿ ಹಿಡಿಯುವ ಮಕ್ಕಳ ಗುಂಪು ಅದರ ಸುತ್ತ ನೆರೆಯುತ್ತದೆ. ಆ ಕಾರಿನ ಮೂತಿಯ ಮೇಲಿರುವ ಹೆಸರಿನ ಹಿಂದಿನ ಕಥೆ ಅವರಿಗೆ ಯಾರಾದರೂ ಹೇಳಬೇಕು.

ವಿಲ್ಹೆಲ್ಮ್ ಮೇಬ್ಯಾಕ್ ಹುಟ್ಟಿದ್ದು 1846ರಲ್ಲಿ, ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ. ಹತ್ತನೆಯ ವಯಸ್ಸಿಗೆ ತಂದೆ–ತಾಯಿ ಇಬ್ಬರನ್ನೂ ಕಳೆದುಕೊಂಡು ರಾಯ್ಟ್‌ಲಿಂಗನ್ ಎಂಬ ಊರಿನ ಅನಾಥಾಶ್ರಮ ಸೇರಿದ. ಅಲ್ಲಿ ಕಾರ್ಖಾನೆಯೂ ಇತ್ತು. ಹುಡುಗರಿಗೆ ಕಸುಬು ಕಲಿಸುತ್ತಿದ್ದರು. ನಕ್ಷೆ ಬರೆಯುವುದರಲ್ಲಿ ಈ ಹುಡುಗನ ಕೈ ಪಳಗಿತು. ಆ ಕಾರ್ಖಾನೆ ನೋಡಿಕೊಳ್ಳಲು ಬಂದ ಗಾಟ್‌ಲೀಬ್ ಡೈಮ್ಲರ್ ಎಂಬ ಎಂಜಿನಿಯರ್ ಅವನ ಕೈಚಳಕ ಗುರುತಿಸಿದ. ಮುಂದೆ ಎಲ್ಲಿಗೆ ಹೋದರೂ ತನ್ನ ಜೊತೆಗೆ ಕರೆದೊಯ್ದ. ಪೆಟ್ರೋಲನ್ನು ಸಣ್ಣ ನಳಿಕೆಯಿಂದ ತುಂತುರಾಗಿ ಸಿಂಪಡಿಸಿ ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರ್, ಜೇನುಹುಟ್ಟಿನ ಕಣ್ಣುಗಳಂಥ ರೇಡಿಯೇಟರ್ — ಇವೆಲ್ಲ ಆ ಅನಾಥ ಹುಡುಗನ ತಲೆಯಿಂದ ಬಂದವು.

ಮಾರ್ಚ್ 1900ರಲ್ಲಿ ಫ್ರಾನ್ಸಿನ ನೀಸ್ ನಗರದ ಬಳಿ ಲಾ ತುರ್ಬಿ ಎಂಬ ಗುಡ್ಡ ಏರುವ ಶರ್ಯತ್ತಿನಲ್ಲಿ ಡೈಮ್ಲರ್ ಕಂಪನಿಯ ಚಾಲಕ ವಿಲ್ಹೆಲ್ಮ್ ಬಾವರ್ ಪ್ರಾಣ ಕಳೆದುಕೊಂಡ. ಆ ದಿನಗಳ ಕಾರುಗಳು ಕುದುರೆ ಬಿಚ್ಚಿದ ಸಾರೋಟುಗಳೇ: ಎತ್ತರ, ಗಿಡ್ಡ, ತಲೆಭಾರ. ಎಂಜಿನ್ನಿನ ಶಕ್ತಿ ಹೆಚ್ಚಿದಷ್ಟೂ ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ನೀಸ್‌ನಲ್ಲಿದ್ದ ಶ್ರೀಮಂತ ವ್ಯಾಪಾರಿ ಎಮಿಲ್ ಯೆಲ್ಲಿನೆಕ್ ಹಟ ಹಿಡಿದ: ಕಾರು ಉದ್ದವಾಗಬೇಕು, ತಗ್ಗಾಗಬೇಕು, ಹಗುರಾಗಬೇಕು, ಹಾಗೆ ಮಾಡಿಕೊಟ್ಟರೆ ಮೂವತ್ತಾರು ಕಾರು ಕೊಳ್ಳುತ್ತೇನೆ, ಆದರೆ ಅದಕ್ಕೆ ನನ್ನ ಮಗಳ ಹೆಸರಿಡಬೇಕು. ಮಗಳ ಹೆಸರು ಮರ್ಸಿಡಿಸ್. ಮೇಬ್ಯಾಕ್ ವಿನ್ಯಾಸ ಮಾಡಿದ 35 ಅಶ್ವಶಕ್ತಿಯ ಆ ಕಾರು ಮರುವರ್ಷ, ಮಾರ್ಚ್ 1901ರಲ್ಲಿ, ಅದೇ ನೀಸ್‌ನ ಸ್ಪರ್ಧೆಗಳಲ್ಲಿ ಉಳಿದವರನ್ನೆಲ್ಲ ಹಿಂದೆ ಹಾಕಿತು. ಇಂದಿನ ಕಾರಿನ ಮೈಕಟ್ಟು ಹುಟ್ಟಿದ್ದು ಅಂದು ಎಂದರೆ ಅತಿಶಯೋಕ್ತಿಯಲ್ಲ. ಮೇಬ್ಯಾಕ್ 1907ರಲ್ಲಿ ಡೈಮ್ಲರ್ ಕಂಪನಿ ಬಿಟ್ಟ. ಮಗ ಕಾರ್ಲ್‌ನೊಂದಿಗೆ 1909ರಿಂದ ಜೆಪ್ಪೆಲಿನ್ ಆಕಾಶನೌಕೆಗಳಿಗೆ ಎಂಜಿನ್ ಮಾಡಿದ; ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ವಿಮಾನದ ಎಂಜಿನ್ ಮಾಡಲು ನಿಷೇಧ ಬಿದ್ದಾಗ ಅದೇ ಕಾರ್ಖಾನೆ 1921ರಲ್ಲಿ ಕಾರಿಗಿಳಿಯಿತು. ಕೊಲ್ಹಾಪುರದ ಗಾಡಿ ಆ ವಂಶದ್ದು.

ಮರ್ಸಿಡಿಸ್ ಎಂಬ ಹೆಸರು ಅತ್ತ ಶರ್ಯತ್ತಿನ ಹಾದಿ ಬಿಡಲಿಲ್ಲ. 1903ರ ಪ್ಯಾರಿಸ್–ಮ್ಯಾಡ್ರಿಡ್ ಸ್ಪರ್ಧೆಯಲ್ಲಿ ಮಾರ್ಸೆಲ್ ರೆನೋ ಸೇರಿದಂತೆ ಹಲವರು ಸತ್ತು, ಸರ್ಕಾರ ಅದನ್ನು ಬೋರ್ಡೋ ನಗರದಲ್ಲಿಯೇ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತಿತ್ತು. ಆದರೂ ಊರೂರ ಬೀದಿಯಲ್ಲಿ ಓಡುವ ರೇಸುಗಳು ನಿಲ್ಲಲಿಲ್ಲ. ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದು ಇಟಲಿಯ ಮಿಲ್ಲೆ ಮಿಲ್ಯಾ. 1927ರಲ್ಲಿ ಶುರುವಾದ ಇದು ಬ್ರೆಶಾ ನಗರದಿಂದ ರೋಮ್‌ಗೆ ಹೋಗಿ ಮರಳುವ ಸುಮಾರು 1,600 ಕಿ.ಮೀ. ಓಟ. 1955ರ ಮೇ 1ರಂದು ಬೆಳಗಿನ 7 ಗಂಟೆ 22 ನಿಮಿಷಕ್ಕೆ ಹೊರಟ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕಾರಿನ ಮೈಮೇಲೆ ಬರೆದಿದ್ದ ಸಂಖ್ಯೆಯೂ 722. ಓಡಿಸಿದವನು ಸ್ಟರ್ಲಿಂಗ್ ಮಾಸ್. ಪಕ್ಕದಲ್ಲಿ ಕುಳಿತವನು ಡೆನಿಸ್ ಜೆಂಕಿನ್‌ಸನ್ ಎಂಬ ಗಡ್ಡದ ಪತ್ರಕರ್ತ. ಮೊದಲೇ ದಾರಿಯನ್ನೆಲ್ಲ ಓಡಾಡಿ, ಒಂದೊಂದು ತಿರುವನ್ನೂ ಐದೂವರೆ ಮೀಟರ್ ಉದ್ದದ ಕಾಗದದ ಸುರುಳಿಯಲ್ಲಿ ಬರೆದುಕೊಂಡು, ಅದನ್ನೊಂದು ಡಬ್ಬಿಯಲ್ಲಿಟ್ಟು ಸುತ್ತುತ್ತ ಹೋದ. ಎಂಜಿನ್ನಿನ ಸದ್ದಿಗೆ ಮಾತು ಕೇಳದು, ಎಲ್ಲ ಕೈಸನ್ನೆ. ಹತ್ತು ಗಂಟೆ, ಏಳು ನಿಮಿಷ, 48 ಸೆಕೆಂಡಿನಲ್ಲಿ ಓಟ ಮುಗಿಯಿತು. ಸರಾಸರಿ ವೇಗ ಗಂಟೆಗೆ 157 ಕಿ.ಮೀ.ಗೂ ಹೆಚ್ಚು! ಅದೂ ಸಂತೆಪೇಟೆ, ರೈಲ್ವೆ ಗೇಟು, ಗುಡ್ಡದ ಹಿಮ್ಮುರಿ ತಿರುವುಗಳಿರುವ ಸಾಮಾನ್ಯ ರಸ್ತೆಯಲ್ಲಿ.

ಆರು ವಾರ ಕಳೆದಿರಲಿಲ್ಲ. ಜೂನ್ 11ರಂದು ಫ್ರಾನ್ಸಿನ ಲೆ ಮಾನ್‌ನಲ್ಲಿ ಇಪ್ಪತ್ತನಾಲ್ಕು ತಾಸಿನ ರೇಸು. ಪಿಟ್ ಕಡೆ ಸರಿದ ಒಂದು ಕಾರನ್ನು ತಪ್ಪಿಸಲು ಇನ್ನೊಂದು ಪಕ್ಕಕ್ಕೆ ಸರಿಯಿತು. ಹಿಂದಿನಿಂದ ಬಂದ ಪಿಯರ್ ಲೆವೆ ಎಂಬಾತನ 300 ಎಸ್‌ಎಲ್‌ಆರ್ ಅದರ ಬೆನ್ನೇರಿ ಹಾರಿತು. ಜನರಿಗೂ ಓಟಕ್ಕೂ ನಡುವೆ ಇದ್ದದ್ದು ಬರೀ ಮಣ್ಣಿನ ಒಂದು ತಗ್ಗು ದಿಬ್ಬ. ಎಂಜಿನ್ ಕಳಚಿ ಜನರೊಳಗೆ ನುಗ್ಗಿತು. ಮೆಗ್ನೀಸಿಯಂ ಬೆರೆತ ಲೋಹದ ಮೈ ಬೆಳ್ಳಗೆ ಉರಿಯಿತು. ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಆ ವರ್ಷದ ಕೊನೆಗೆ ಮರ್ಸಿಡಿಸ್ ರೇಸಿನಿಂದ ಹಿಂದೆ ಸರಿದು ದಶಕಗಳ ಕಾಲ ಹೊರಗುಳಿಯಿತು. ಮಿಲ್ಲೆ ಮಿಲ್ಯಾ ಮಾತ್ರ ಪಾಠ ಕಲಿಯಲಿಲ್ಲ. 1957ರ ಮೇ 12ರಂದು ಗುಯಿದಿತ್ಸೋಲೋ ಎಂಬ ಹಳ್ಳಿಯ ಬಳಿ ಫೆರಾರಿಯೊಂದರ ಟೈರು ಸಿಡಿದು, ಚಾಲಕ ಪೋರ್ತಾಗೋ, ಅವನ ಜೊತೆಗಾರ ಮತ್ತು ರಸ್ತೆ ಬದಿ ನಿಂತಿದ್ದ ಒಂಬತ್ತು ಜನ ಪ್ರಾಣಬಿಟ್ಟರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಅಪಘಾತ ನಡೆದದ್ದು ತಿಕೋಟಾದ ಆಚೆಗಿನಂಥದೇ ಒಂದು ನೇರ ರಸ್ತೆಯಲ್ಲಿ, ತಿರುವಿನಲ್ಲಲ್ಲ. ಮಿಲ್ಲೆ ಮಿಲ್ಯಾ ವೇಗದ ಓಟವಾಗಿ ಅಲ್ಲಿಗೆ ಮುಗಿಯಿತು.

ಇದನ್ನಿಷ್ಟು ವಿವರವಾಗಿ ಹೇಳಲು ಕಾರಣವಿದೆ. ಅಥಣಿ ರಸ್ತೆಯ ಹುಡುಗರು ಪಂದ್ಯ ಕಟ್ಟಿ ಗಾಡಿ ಓಡಿಸುವಾಗ ತಾವು ರೇಸಿನ ಪರಂಪರೆಗೆ ಸೇರಿದವರೆಂದೇ ಭಾವಿಸುತ್ತಾರೆ. ಆದರೆ ಆ ಪರಂಪರೆ ಸಾರ್ವಜನಿಕ ರಸ್ತೆಯನ್ನು ಬಿಟ್ಟು ಬೇಲಿ ಹಾಕಿದ ಟ್ರ್ಯಾಕಿಗೆ ಹೋಗಿ ಬಹಳ ಕಾಲವಾಯಿತು. ಭಾರತದಲ್ಲಿಯೂ ಮದ್ರಾಸಿನ ಬಳಿಯ ಶೋಲಾವರಂನ ಯುದ್ಧಕಾಲದ ವಿಮಾನದಾರಿಯಲ್ಲಿ ರೇಸುಗಳು ಬೆಳೆದವು. 1990ರಲ್ಲಿ ಶ್ರೀಪೆರಂಬುದೂರಿನ ಬಳಿ ಶಾಶ್ವತ ಟ್ರ್ಯಾಕ್ ಆಯಿತು. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ತಯಾರಿಸಿದ ‘ಡಾಲ್ಫಿನ್’ ಎಂಬ ಫೈಬರ್ ಮೈಯ ಪುಟ್ಟ ಕಾರು, ಮಾರಾಟದಲ್ಲಿ ಸೋತರೂ ತೂಕ ಕಡಿಮೆಯೆಂಬ ಒಂದೇ ಬಲದಿಂದ ರ್‍ಯಾಲಿಗಳಲ್ಲಿ ಹೆಸರು ಮಾಡಿತು. ಇತ್ತ ರಸ್ತೆಯ ಮೇಲಿನ ಪಂದ್ಯಕ್ಕೆ 2019ರ ತಿದ್ದುಪಡಿಯ ನಂತರ ಮೊದಲ ಸಲವೇ 5,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ. ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಅಪರಾಧ ಮಾಡಿದರೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗಿನ ಜೈಲು ಅಪ್ಪನ ಕೊರಳಿಗೆ. ಕೀಲಿ ಕೊಡುವ ಮುಂಚೆ ಅಪ್ಪಂದಿರು ಇದನ್ನು ಓದಿಕೊಂಡಿರುವುದು ಮೇಲು.

ಇಂದು ಹಳೆಯ ಸ್ಪೋರ್ಟ್ಸ್ ಕಾರುಗಳು ರಸ್ತೆಗಿಳಿಯುವುದು ಬೇರೆಯೇ ಠೀವಿಯಲ್ಲಿ. 1977ರಿಂದ ಮತ್ತೆ ಶುರುವಾದ ಮಿಲ್ಲೆ ಮಿಲ್ಯಾದಲ್ಲಿ ಗೆಲ್ಲುವುದು ವೇಗದಿಂದಲ್ಲ, ಗೊತ್ತುಪಡಿಸಿದ ಸಮಯಕ್ಕೆ ಸರಿಯಾಗಿ ತಲುಪುವುದರಿಂದ. ನಮ್ಮ ದೇಶದಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆಯ ರ್‍ಯಾಲಿ ದೆಹಲಿಯಲ್ಲಿ 1964ರಲ್ಲಿ ಆರಂಭವಾಯಿತು. ಬೆಂಗಳೂರು, ಮೈಸೂರುಗಳಲ್ಲಿಯೂ ಇಂಥ ಪ್ರದರ್ಶನಗಳು ನಡೆದಿವೆ. ಧರ್ಮಸ್ಥಳದ ಕಾರು ಸಂಗ್ರಹವನ್ನು ಶಾಲೆಯ ಪ್ರವಾಸದಲ್ಲಿ ನೋಡಿದ ಮಕ್ಕಳು ವಿಜಯಪುರ ಜಿಲ್ಲೆಯಲ್ಲಿಯೂ ಸಾಕಷ್ಟು. ತೀರ್ಪುಗಾರರು ಹುಡುಕುವುದು ಹೊಳಪನ್ನಲ್ಲ; ಮೂಲದ ಎಂಜಿನ್, ಮೂಲದ ಮೀಟರು, ಆ ಕಾಲದ್ದೇ ಹಾರನ್ನು, ಕೊನೆಗೆ ತಿರುಪು ಮೊಳೆಯನ್ನೂ. ಹೊಸದಕ್ಕಿಂತ ಹೊಸದಾಗಿ ಮಿಂಚುವ ಕಾರು ಅಂಕ ಕಳೆದುಕೊಳ್ಳುವುದುಂಟು.

ಇಲ್ಲಿಯೇ ಹಳ್ಳಿಯವರಿಗೂ ಒಂದು ಮಾತು ಇದೆ. 2021ರ ಕೇಂದ್ರದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ದ್ವಿಚಕ್ರ ಅಥವಾ ನಾಲ್ಕು ಚಕ್ರದ ಸ್ವಂತ ವಾಹನ ‘ವಿಂಟೇಜ್’. ಅದಕ್ಕೆ ‘ವಿಎ’ ಅಕ್ಷರಗಳ ವಿಶೇಷ ನೋಂದಣಿ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ. ಪ್ರದರ್ಶನ, ರ್‍ಯಾಲಿಗಳಿಗೆ ಓಡಿಸಬಹುದು, ಬಾಡಿಗೆಗೆ ಅಲ್ಲ. ಅಂದರೆ ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ಕೋಳಿಗಳು ಗೂಡು ಮಾಡಿಕೊಂಡಿರುವ ಅಜ್ಜನ ಕಾಲದ ಜೀಪು, ಮೂಲೆಯ ಹಳೆಯ ಬುಲೆಟ್ಟು ಕೂಡ ಮಹಾರಾಜರ ಗಾಡಿಯ ಸಾಲಿಗೇ ಬರಬಹುದು. ಆದರೆ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂಡಿಸಿದ ಜೀಪುಗಳೇ ಈ ಭಾಗದಲ್ಲಿ ಕಣ್ಣಿಗೆ ಬೀಳುತ್ತವೆ. ಉಳಿದವು ತೂಕದ ಲೆಕ್ಕದಲ್ಲಿ ಗುಜರಿಗೆ. ಕಾರ್ಬ್ಯುರೇಟರಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಮೇಸ್ತ್ರಿಗಳಿಗೆ ವಯಸ್ಸಾಗಿದೆ. ಐಟಿಐ ಓದುವ ಹುಡುಗರಿಗೆ ಆ ವಿದ್ಯೆ ಕಲಿಸುವವರು ಕಡಿಮೆ. ಹಳೆಯ ಗಾಡಿ ದುರಸ್ತಿ ಬಲ್ಲವನಿಗೆ ಪುಣೆ, ಮುಂಬೈ, ಬೆಂಗಳೂರಿನಲ್ಲಿ ಕೆಲಸವಿದೆ ಎಂಬುದು ಅವರಿಗೆ ತಿಳಿದರೆ ಒಳಿತು. ಅಂದಹಾಗೆ, 300 ಎಸ್‌ಎಲ್‌ಆರ್‌ನ ಮುಚ್ಚುಮೈಯ ಎರಡು ಕಾರುಗಳಲ್ಲಿ ಒಂದು 2022ರಲ್ಲಿ 13.5 ಕೋಟಿ ಯೂರೋಗೆ ಹರಾಜಾಯಿತು. ಆ ಹಣ ಪರಿಸರ ವಿಷಯಗಳಲ್ಲಿ ಓದುವ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್‌ಗೆ ಮೀಸಲಾಯಿತು.

ಕೊಲ್ಹಾಪುರದ ದಸರೆ ನೋಡುವವರು ಮಧ್ಯಾಹ್ನಕ್ಕೇ ಊರು ಸೇರಬೇಕು. ಕರಿಕಲ್ಲಿನ ಹೊಸ ಅರಮನೆ 1884ರಲ್ಲಿ ಪೂರ್ಣಗೊಂಡದ್ದು. ವಸ್ತುಸಂಗ್ರಹಾಲಯ ನೋಡಲು ಎರಡು ತಾಸು ಬೇಕು. ದಸರಾ ಚೌಕದಲ್ಲಿ ಶಾಹೂ ಮಹಾರಾಜರ ಪ್ರತಿಮೆಯಿದೆ. ನಾನಾ ಸಮಾಜದ ಬಡ ಮಕ್ಕಳು ಓದಲೆಂದು 1901ರಿಂದ ಅವರು ತೆರೆಸಿದ ವಸತಿಗೃಹಗಳ ಪೈಕಿ ಕೆಲವು ಅಲ್ಲಿಯೇ ಸುತ್ತಮುತ್ತ ಇವೆ. ಸೂರ್ಯ ಮುಳುಗುವ ಹೊತ್ತಿಗೆ ಮೇಬ್ಯಾಕ್ ಬರುತ್ತದೆ. ಪೂಜೆ ಮುಗಿದೊಡನೆ ಜನ ‘ಸೋನೆ’ ಎಂದು ಕರೆಯುವ ಎಲೆಗಳಿಗೆ ಮುಗಿಬೀಳುತ್ತಾರೆ. ಆ ನೂಕುನುಗ್ಗಲಿನಲ್ಲಿ ಮರಾಠಿಯ ನಡುವೆಯೇ, “ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣು” ಎಂಬ ಮಾತೂ ಕಿವಿಗೆ ಬೀಳುವುದುಂಟು. ಮಿರಜ, ಅಥಣಿ ಮಾರ್ಗದ ರಾತ್ರಿ ಬಸ್ಸುಗಳಲ್ಲಿ ಅಂದು ಸೀಟು ಸಿಗುವುದು ಕಷ್ಟ. ಮೊದಲೇ ಕಾದಿರಿಸಿದರೆ ಮಕ್ಕಳನ್ನು ಕೂರಿಸಿಕೊಂಡು ಬರಬಹುದು.